ಎಡೆಗಿಟ್ಟ ನೀರು

ನಮ್ಮ ಮನೆಯಲ್ಲಿ ಬೆಳಗಾಗುವುದು ನೀರಿನ ಸದ್ದಿಗೆ. ಹಿತ್ತಲಿನ ಬೋರ್‌ವೆಲ್ಲಿನ ಮೋಟಾರು ಗುರ್ ಎಂದಿತೆಂದರೆ, ಅಂಗಳದಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದ ಪೈಪು ಮಗ್ಗುಲು ಬದಲಿಸುತ್ತದೆ. ಬೀದಿಯಲ್ಲಿ ನಿಂತ ನನ್ನ ಟ್ಯಾಂಕರಿನೊಳಕ್ಕೆ ನೀರು ಧುಮುಕತೊಡಗುತ್ತದೆ. ಅದು ತುಂಬುವಷ್ಟರಲ್ಲಿ ನಾನು ಮುಖ ತೊಳೆದು, ಅಮ್ಮ ಕೊಟ್ಟ ಟೀ ಕುಡಿದು ಹೊರಡಲು ತಯಾರು. ಅಪ್ಪ ಸೋಮಲಿಂಗಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ಜಗುಲಿಯ ಮೇಲೆ ಪೇಪರ್ ಓದುತ್ತಿರುತ್ತಾನೆ. ಅಜ್ಜಿ ಒಲೆಯ ಮುಂದೆ. ಅಷ್ಟರಲ್ಲಿ ಅನ್ನಪೂರ್ಣೇಶ್ವರಿ ನಗರದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸುಧೀಂದ್ರ ಸಾರ್ ಫೋನು ಬಂದಿರುತ್ತದೆ. ಸಂಪು ಖಾಲಿಯಾಗಿದೆ, ಜನ ಸ್ನಾನ ಮಾಡಬೇಕು, ಎಲ್ಲಿದ್ದೀಯ ಎಂದು.

ನಮ್ಮೂರು ಹೊಸಕೈಮರ, ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ ಎಡಕ್ಕೆ ಸಿಗುತ್ತದೆ. ಹಳ್ಳಿ ಎಂದರೆ ನಮ್ಮವರಿಗೆ ಸಿಟ್ಟು, ಪೇಟೆ ಎಂದರೆ ನೋಡಿದವರಿಗೆ ನಗು. ಒಂದು ಪೆಟ್ರೋಲ್ ಬಂಕು, ಸಾಲಾಗಿ ಬೇಕರಿಗಳು, ಗುಡಿಯ ಪಕ್ಕ ಒಂದು ಜಿಮ್ಮು, ಕಲ್ಲು ನೆಟ್ಟು ಹಾಗೇ ಬಿಟ್ಟ ಲೇಔಟುಗಳು. ಸಂಜೆ ಮಹಡಿ ಹತ್ತಿದರೆ ಬೆಂಗಳೂರಿನ ಬೆಳಕು ಮೂಡಣದ ಆಕಾಶಕ್ಕೆ ಬಡಿದು ಕಾಣುತ್ತದೆ. ಅಲ್ಲಿಂದ ನಮ್ಮೂರಿಗೆ ಪಿಜ್ಜಾ ಬಂದಿದೆ, ಬ್ಯೂಟಿ ಪಾರ್ಲರ್ ಬಂದಿದೆ, ಸೈಟಿನ ದಲ್ಲಾಳಿಗಳು ದಿನಾ ಬರುತ್ತಾರೆ. ಇಲ್ಲಿಂದ ಅಲ್ಲಿಗೆ ನೀರು ಹೋಗುತ್ತದೆ. ಹೆರಿಗೆ ಆಸ್ಪತ್ರೆ ಮಾತ್ರ ಇನ್ನೂ ಬಂದಿಲ್ಲ. ಬಂದಿದ್ದರೂ ನಮ್ಮ ಮನೆಯ ಒಳಕೋಣೆಯ ತನಕ ಅದು ಬರುತ್ತಿರಲಿಲ್ಲ ಎನ್ನುವುದನ್ನು ಹೇಳಲೆಂದೇ ನಾನು ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ರುದ್ರಮುನಿ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ.

ಓದಿದವಳು ನನ್ನ ಅಕ್ಕ ಸೌಮ್ಯಶ್ರೀ. ವಿಜಯನಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದಳು. ಅವಳ ಬ್ಯಾಗಿನಲ್ಲಿ ಪುಸ್ತಕ ಇರಲಿ ಬಿಡಲಿ, ನೀಲಿ ಬಣ್ಣದ ಒಂದು ಸ್ಟೀಲ್ ಬಾಟಲಿ ಇರಲೇಬೇಕು. ಬಸ್ಸಿನಲ್ಲಿ, ಗುಡಿಯಲ್ಲಿ, ತನ್ನ ಮದುವೆಯ ಹಸೆಯ ಮೇಲೆ ಕೂತಾಗಲೂ ಪಕ್ಕದಲ್ಲಿ ಆ ಬಾಟಲಿ. ಮದುಮಗಳು ನೀರಿಗೆ ಹುಟ್ಟಿದ ಮೀನು ಎಂದು ನೆಂಟರೆಲ್ಲ ನಕ್ಕಿದ್ದರು. ಭಾವ ರಾಜೇಂದ್ರ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಗೋವಿಂದರಾಜನಗರದಲ್ಲಿ ಅವರದು ಬಾಡಿಗೆ ಮನೆ. ಒಳ್ಳೆಯವನು. ಒಳ್ಳೆಯತನದಿಂದ ಯಾರ ಜೀವವೂ ಉಳಿಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಬೇಸಿಗೆಯ ಶುರುವಿನಲ್ಲಿ ಅಕ್ಕ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಗೋವಿಂದರಾಜನಗರದ ಅವರ ಮನೆಯ ಹತ್ತಿರದ ಆಸ್ಪತ್ರೆಯಲ್ಲಿ, ತೊಂದರೆಯಿಲ್ಲದೆ ಆಯಿತು. ಹೆಣ್ಣು ಕೂಸು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಅಮ್ಮ ಮತ್ತು ಅಜ್ಜಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಬೇಸಿಗೆ, ಹಾಲುಣಿಸುವ ತಾಯಿ, ಚೆನ್ನಾಗಿ ನೀರು ಕುಡಿಯಬೇಕು, ಕೋಣೆಗೆ ಗಾಳಿ ಆಡಬೇಕು, ತಲೆನೋವು ಬಂದರೆ ತಡಮಾಡದೆ ಕರೆತನ್ನಿ ಎಂದು. ಅಜ್ಜಿ ಪ್ರತಿ ಮಾತಿಗೂ ತಲೆಯಾಡಿಸಿ, ಆಗಲಿ ತಾಯಿ, ಆಗಲಿ ತಾಯಿ ಎಂದಳು. ಕಾರು ಸುಮನಹಳ್ಳಿ ದಾಟುವ ಮೊದಲೇ ಬಾಯಿ ಬಿಟ್ಟಳು.

"ಆ ಡಾಕ್ಟ್ರಮ್ಮಂಗೆ ಮದ್ವೆನೇ ಆದಂಗಿಲ್ಲ. ಅವ್ಳೇನು ಬಾಣಂತನ ಕಂಡವ್ಳೆ."

ಅಕ್ಕ ನಕ್ಕಳು. ನಾನೂ ನಕ್ಕೆ. ಬಾಟಲಿ ಅವಳ ಮಡಿಲಲ್ಲಿತ್ತು.

ನಮ್ಮ ಮನೆಯ ಒಳಕೋಣೆಗೆ ಒಂದೇ ಕಿಟಕಿ. ಅದಕ್ಕೆ ಅಜ್ಜಿ ಮೊದಲೇ ಪೇಪರ್ ಅಂಟಿಸಿ, ಮೇಲೆ ಗೋಣಿಚೀಲ ಹೊಡೆಸಿಟ್ಟಿದ್ದಳು. ಮಂಚದ ಕೆಳಗೆ ಕೆಂಡದ ಬಾಂಡಲಿ, ಅದರ ಮೇಲೆ ಸಾಂಬ್ರಾಣಿ. ಅಕ್ಕನ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಾಲಿಗೆ ಉಣ್ಣೆಯ ಚೀಲ. ಹೊರಗೆ ಡಾಂಬರು ಕರಗುವ ಬಿಸಿಲು. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಹಾಕಿದ ಗಟ್ಟಿ ಅನ್ನ. ಉಂಡ ಮೇಲೆ ಪುಟ್ಟ ಲೋಟದಲ್ಲಿ ಕಾಲುಭಾಗ ಬಿಸಿನೀರು. ಅಷ್ಟೇ. ಮತ್ತೆ ರಾತ್ರಿಯ ಊಟದ ಹೊತ್ತಿಗೆ ಅಷ್ಟೇ. ನಡುವೆ ಬಾಯಾರಿದರೆ ಜಗಿಯಲು ಒಂದು ವೀಳ್ಯದೆಲೆ.

ಬೆಳಗ್ಗೆ ಸ್ನಾನಕ್ಕೆ ಮಾತ್ರ ನೀರಿಗೆ ಲೆಕ್ಕವಿಲ್ಲ. ಹಂಡೆಯಲ್ಲಿ ಮರಳುವ ನೀರನ್ನು ಅಜ್ಜಿ ಸೊಂಟಕ್ಕೆ, ಬೆನ್ನಿಗೆ, ಚೊಂಬಿನ ಮೇಲೆ ಚೊಂಬು ಎರಚುತ್ತಿದ್ದಳು. ಬಚ್ಚಲಿಂದ ಹೊರಬಂದ ಅಕ್ಕನ ಮೈ ಸುಟ್ಟ ಬದನೆಕಾಯಿಯ ಹಾಗೆ ಇರುತ್ತಿತ್ತು. ಆಮೇಲೆ ಕಂಬಳಿ ಹೊದಿಸಿ, ಬೆವರಲಿ ಎಂದು ಬಾಗಿಲು ಹಾಕುತ್ತಿದ್ದರು. ಅವಳು ಬೆವರುತ್ತಿದ್ದಳು. ಬೆವರಿದ್ದನ್ನು ತುಂಬಿಕೊಡುವವರು ಯಾರೂ ಇರಲಿಲ್ಲ.

ನೀಲಿ ಬಾಟಲಿಯನ್ನು ಅಜ್ಜಿ ಅಟ್ಟದ ಮೇಲಿಟ್ಟಿದ್ದಳು.

ನಾನು ಎರಡನೇ ದಿನವೇ ಕೇಳಿದೆ. ಡಾಕ್ಟರು ಹೇಳಿದ್ದು ಏನು, ನೀವು ಮಾಡುತ್ತಿರುವುದು ಏನು ಎಂದು. ಅಜ್ಜಿ ಸೊಪ್ಪು ಸೋಸುತ್ತ, ಪೆದ್ದನಿಗೆ ಹೇಳುವ ಹಾಗೆ ಹೇಳಿದಳು. ಬಾಣಂತಿಯದು ಹಸಿ ಮೈ. ನೀರು ಕುಡಿದರೆ ಅದು ಹೊಟ್ಟೆಯಲ್ಲೇ ನಿಂತು ಹೊಟ್ಟೆ ಡೊಳ್ಳಾಗುತ್ತದೆ, ಕೈಕಾಲು ಊದಿಕೊಳ್ಳುತ್ತದೆ, ಹಾಲಿನಲ್ಲಿ ಇಳಿದು ಮಗುವಿಗೆ ಶೀತವಾಗಿ ಎದೆ ಕಟ್ಟುತ್ತದೆ. ನಿನ್ನ ಅಪ್ಪನೂ ನೀನೂ ಹೀಗೆಯೇ ಬೆಳೆದದ್ದು.

"ಅಜ್ಜಿ, ಮೊನ್ನೆ ಹಸು ಕರು ಹಾಕ್ದಾಗ ನೀನೇ ತಾನೆ ಬೆಲ್ಲದ ನೀರು ಬಕೆಟ್‌ಗಟ್ಲೆ ಕುಡಿಸಿದ್ದು? ಅದ್ರ ಹೊಟ್ಟೆ ಡೊಳ್ಳಾಯ್ತಾ? ಅದ್ರ ಕರೂಗೆ ಶೀತ ಆಯ್ತಾ?"

"ಅದಕ್ಕೆ ನಾಲ್ಕು ಕಾಲೈತೆ. ನಿಮ್ಮಕ್ಕಂಗೆ ಎಷ್ಟೈತೆ ನೋಡ್ಕೊಂಡ್ ಬಾ ಹೋಗು."

ಕೂಸು ನೋಡಲು ಬಂದು ಅಡುಗೆಮನೆಯಲ್ಲಿ ಕೂತಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮ ನಗಲಿಲ್ಲ. ನನ್ನ ಅಮ್ಮನ ಹೆಸರು ಬಸವರಾಜೇಶ್ವರಿ, ಬೀದಿಯವರ ಬಾಯಲ್ಲಿ ರಾಜಮ್ಮ. ಅಷ್ಟುದ್ದದ ಹೆಸರಿಟ್ಟುಕೊಂಡು, ಆ ಮನೆಯಲ್ಲಿ ಅವಳು ತನ್ನ ಅತ್ತೆಯೆದುರು ಒಂದು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಪ್ಪನ ಹತ್ತಿರ ಹೋದೆ. ಹೆಂಗಸರ ವಿಷಯಕ್ಕೆ ನೀನ್ಯಾಕೆ ತಲೆ ಹಾಕುತ್ತೀಯ, ಟ್ರಿಪ್ಪಿಗೆ ಹೊತ್ತಾಯಿತು ಎಂದು ಪೇಪರಿನ ಹಾಳೆ ತಿರುವಿದ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಸೂತಕವೆಂಬುದೇ ಇಲ್ಲ ಎಂದು ಸಾರಿದ ಶರಣರ ಹೆಸರನ್ನು ದಿನಾ ಬೆಳಗ್ಗೆ ಹೇಳುತ್ತೇವೆ. ಆ ಹೆಸರು ಒಳಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಮಧ್ಯಾಹ್ನ ಅಜ್ಜಿ ಕಣ್ಣು ಮುಚ್ಚುವ ಹೊತ್ತು ನೋಡಿಕೊಂಡು ನಾನು ಹಿತ್ತಲ ಕಡೆಯಿಂದ ಹೋಗಿ, ಗೋಣಿಯ ಒಂದು ಮೂಲೆ ಕಿತ್ತು, ಪೇಪರು ಹರಿದೆ. ಒಳಗಿನಿಂದ ಹೊಗೆ ಮುಖಕ್ಕೆ ಬಡಿಯಿತು. ಅಟ್ಟದಿಂದ ಇಳಿಸಿ ತುಂಬಿಸಿ ತಂದಿದ್ದ ಬಾಟಲಿಯನ್ನು ಕಂಬಿಯ ನಡುವೆ ತೂರಿಸಿದೆ. ಅಕ್ಕ ಮಂಚದಿಂದ ಎದ್ದು ಬಂದಳು. ಕೈ ಚಾಚಿದಳು. ಅವಳು ಕುಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಉಸಿರು ತೆಗೆದುಕೊಳ್ಳಲೂ ನಿಲ್ಲಿಸಲಿಲ್ಲ. ಕುಡಿದು ಮುಗಿಸಿ, ಬಾಟಲಿಯ ತಣ್ಣನೆಯ ಹೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಕೂತಳು.

"ನೀನು ಓದಿದೋಳಲ್ವೇನೇ ಅಕ್ಕ," ಎಂದೆ. "ಕೊಡಿ ಅಂತ ಬಾಯ್ಬಿಟ್ಟು ಕೇಳು. ಜಗಳ ಆಡು."

"ಓದಿದ್ದೆಲ್ಲ ಆ ಬಾಗಿಲಾಚೆ ಕಣೋ. ಇಲ್ಲಿ ನಾನು ಬರೀ ಬಾಣಂತಿ."

ಹಾಗೆ ಕೆಲವು ದಿನ ನಡೆಯಿತು. ಅಕ್ಕನಿಗೆ ಹಾಲು ಚೆನ್ನಾಗಿ ಬಂತು, ಮಗು ಕುಡಿದು ನಿದ್ದೆ ಮಾಡಿತು, ಅಜ್ಜಿ ಅದು ತನ್ನ ಮೆಣಸಿನ ಸಾರಿನ ಗುಣ ಎಂದಳು. ಆಮೇಲೆ ಒಂದು ಬೆಳಗ್ಗೆ ಮಗು ಸೀನಿತು. ಸಾಂಬ್ರಾಣಿಯ ಹೊಗೆಗೆ ದೊಡ್ಡವರೇ ಕೆಮ್ಮುವ ಕೋಣೆಯಲ್ಲಿ ಅದು ಸೀನದೆ ಏನು ಮಾಡುತ್ತದೆ? ಆದರೆ ಅಜ್ಜಿ ನೆಟ್ಟಗೆ ಹೋಗಿ ಹಾಸಿಗೆ ಎತ್ತಿದಳು. ಬಾಟಲಿ ಸಿಕ್ಕಿತು, ಮತ್ತೆ ಅಟ್ಟ ಸೇರಿತು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು, ಅವತ್ತೇ ಒಂದು ಇತ್ಯರ್ಥ ಆಗಿಬಿಡುತ್ತಿತ್ತು. ಅವಳು ಮಂಚದ ಮೇಲೆ ಕೂತು ಅತ್ತಳು. ನಿನ್ನ ಮಗಳನ್ನು ನೀನೇ ಕೊಲ್ಲುತ್ತೀಯಾ ಎಂದಳು. ಹಾಗೆ ಎದೆ ಕಟ್ಟಿ ಹೋದ ತನ್ನ ಇಬ್ಬರು ಮಕ್ಕಳ ಹೆಸರು ಹೇಳಿದಳು. ಆಮೇಲೆ ಅಕ್ಕನ ಬಲಗೈಯನ್ನು ಹಿಡಿದು, ಮಲಗಿದ್ದ ಕೂಸಿನ ತಲೆಯ ಮೇಲಿಟ್ಟಳು.

"ಆಣೆ ಇಡು. ನಾನು ಕೊಟ್ಟಿದ್ದು ಬಿಟ್ಟು ಒಂದು ತೊಟ್ಟು ನೀರು ಮುಟ್ಟಲ್ಲ ಅನ್ನು."

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ನಿಂತು, ಬೇಡ ಎಂದು ತಲೆಯಾಡಿಸಿದೆ. ಮಗುವಿನ ನೆತ್ತಿ ಅವಳ ಅಂಗೈ ಕೆಳಗೆ ಮಿಡಿಯುತ್ತಿತ್ತು. ಅವಳು ಆಣೆ ಇಟ್ಟಳು.

ಅಲ್ಲಿಂದ ಮುಂದೆ ಬೀಗ ಹಾಕುವ ಕೆಲಸ ಯಾರಿಗೂ ಉಳಿಯಲಿಲ್ಲ. ಕಿಟಕಿಯ ಹತ್ತಿರ ನಾನು ಮತ್ತೆ ಹೋದೆ. ಚೊಂಬಿನಲ್ಲಿ ನೀರು, ಎಳನೀರು, ಮಜ್ಜಿಗೆ. ಅಕ್ಕ ಕೈ ಚಾಚಲಿಲ್ಲ. ಆಣೆ ಇಟ್ಟಿದ್ದೇನೆ, ಮಗುವಿಗೆ ಏನಾದರೂ ಆದರೆ ಜನ್ಮಪೂರ್ತಿ ಹೇಗೆ ಬದುಕಲಿ ಎಂದಳು. ನಾನು ಎಳನೀರು ನೀರಲ್ಲ ಎಂದು ಲಾಯರ್ ಥರ ವಾದ ಮಾಡಿದೆ. ಅವಳು ನಕ್ಕಳು, ನಕ್ಕಾಗ ಒಣಗಿದ ತುಟಿ ಸೀಳಿ ರಕ್ತ ಬಂತು. ಎಳನೀರನ್ನು ಅಲ್ಲೇ ಹಿತ್ತಲಿಗೆ ಚೆಲ್ಲಿ, ಟ್ಯಾಂಕರ್ ಹತ್ತಿ, ಸುಧೀಂದ್ರ ಸಾರ್ ಅಪಾರ್ಟ್‌ಮೆಂಟಿನ ಸಂಪು ತುಂಬಿಸಲು ಹೋದೆ. ಅಲ್ಲಿ ಗೇಟಿನ ಪಕ್ಕ ಒಬ್ಬ ಕಾರು ತೊಳೆಯುತ್ತಿದ್ದ. ಪೈಪಿನ ಬಾಯಿ ನೆಲಕ್ಕೆ ಬಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತಿದ್ದ.

ಅಕ್ಕನ ಹಾಲು ಕಡಿಮೆಯಾಯಿತು. ಮಗು ಅಳತೊಡಗಿತು. ಹಾಲಿಲ್ಲದ್ದಕ್ಕೆ ಅಜ್ಜಿ ಬೆಳ್ಳುಳ್ಳಿ ಹೆಚ್ಚಿಸಿದಳು. ಆಮೇಲೆ ತಲೆನೋವು ಶುರುವಾಯಿತು. ಮೊದಲು ಹಣೆಯ ಒಂದು ಕಡೆ, ಆಮೇಲೆ ಪೂರ್ತಿ ತಲೆ. ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ತಿಂದದ್ದು ವಾಂತಿ. ತಲೆನೋವು ಬಂದರೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದನ್ನು ನಾನು ಜಗುಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ. ಅಜ್ಜಿ ಕಿವಿಯ ಹತ್ತಿ ಬದಲಿಸಿದಳು. ಕಿಟಕಿಯ ಪೇಪರು ಹರಿದವನು ನೀನೇ, ಅಲ್ಲಿಂದಲೇ ಗಾಳಿ ಹೊಕ್ಕಿದೆ ಎಂದಳು.

ಭಾವ ಭಾನುವಾರ ಬಂದ. ಬಾಣಂತಿಯ ಕೋಣೆಗೆ ಗಂಡ ಹೋಗುವಂತಿಲ್ಲ. ಬಾಗಿಲಲ್ಲೇ ನಿಂತು ಹೇಗಿದ್ದೀಯ ಎಂದ. ಒಳಗಿಂದ ಅಕ್ಕ, ತಲೆ ಒಡೆದು ಹೋಗ್ತಾ ಇದೆ ಅಂದಳು. ನಾನು ಅವನನ್ನು ಬೇಕರಿಯ ಹತ್ತಿರ ಕರೆದುಕೊಂಡು ಹೋಗಿ, ನಿಮ್ಮ ಹೆಂಡತಿ, ನೀವು ಹೇಳಿದರೆ ಮಾತು ನಡೆಯುತ್ತದೆ, ಈಗಲೇ ಕರೆದುಕೊಂಡು ಹೊರಡಿ ಎಂದೆ.

"ತವರುಮನೆ ಬಾಣಂತನ ಕಣೋ ರುದ್ರ. ನಾನು ಮಧ್ಯ ಬಾಯಿ ಹಾಕಿದ್ರೆ ಅಳಿಯ ಅನುಮಾನ ಪಡ್ತಾನೆ ಅಂತಾರೆ. ನಾಳೆ ನೋಡೋಣ ಬಿಡು. ದೊಡ್ಡೋರಿಗೆ ಗೊತ್ತಿರುತ್ತೆ."

ಸಂಜೆಯ ಬಸ್ಸಿಗೆ ಹೊರಟುಹೋದ. ಅಪ್ಪ ಅಂದೇ ಚನ್ನಮಲ್ಲಪ್ಪನನ್ನು ಕರೆಸಿದ. ಆತ ನಮ್ಮೂರಿನಲ್ಲಿ ಯಂತ್ರ ಕಟ್ಟುವವನು. ಸೈಟಿನ ದಲ್ಲಾಳಿತನವೂ ಮಾಡುತ್ತಾನೆ. ಎರಡು ಸಿಮ್ಮಿನ ಫೋನನ್ನು ಜೇಬಿಗಿಳಿಸಿ, ಅಕ್ಕನ ರೆಪ್ಪೆ ಎತ್ತಿ ನೋಡಿ, ಬಾಣಂತಿ ಸನ್ನಿ, ಗಾಳಿ ಸೋಕಿದೆ ಎಂದ. ತೋಳಿಗೆ ತಾಯತ ಕಟ್ಟಿ, ಮಂತ್ರಿಸಿದ ಬೂದಿಯನ್ನು ನಾಲಿಗೆಯ ಮೇಲಿಟ್ಟ. ಅಕ್ಕನ ನಾಲಿಗೆ ಎಷ್ಟು ಒಣಗಿತ್ತೆಂದರೆ ಬೂದಿ ಕರಗದೆ ಹಾಗೇ ಕೂತಿತ್ತು. ನಾನು ಆತನ ಕೈ ಹಿಡಿದು ಹೊರಗೆಳೆದೆ. ಅಪ್ಪ ನನ್ನ ಕೆನ್ನೆಗೆ ಹೊಡೆದ. ಓದಿಲ್ಲ, ಬರೆದಿಲ್ಲ, ದೊಡ್ಡವರ ಮೇಲೆ ಕೈ ಮಾಡುವುದೊಂದು ಕಲಿತಿದ್ದೀಯ ಎಂದ.

ಮರುದಿನ ಬೆಳಗ್ಗೆ ಟ್ಯಾಂಕರ್ ತುಂಬಿ ಕುತ್ತಿಗೆಗೆ ಬಂದಿತ್ತು. ಮೋಟಾರು ನಿಲ್ಲಿಸಿದ್ದೇ ಒಳಗಿಂದ ಅಮ್ಮನ ಕೂಗು ಕೇಳಿತು. ಹೋಗಿ ನೋಡಿದರೆ ಅಕ್ಕ ಮಂಚದಿಂದ ಕೆಳಗೆ ಬಿದ್ದಿದ್ದಳು. ಒಂದು ಕಡೆಯ ಕೈಕಾಲು ಸೆಟೆದು ಬಡಿದುಕೊಳ್ಳುತ್ತಿತ್ತು, ಕಣ್ಣು ಮೇಲೆ. ಅಜ್ಜಿ ಅವಳ ಕೈಗೆ ಕಬ್ಬಿಣದ ಬೀಗದ ಕೈ ಒತ್ತಿ ಹಿಡಿದು ಚನ್ನಮಲ್ಲಪ್ಪನನ್ನು ಕರೆಯಿರಿ ಎನ್ನುತ್ತಿದ್ದಳು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರಲು ಮುಕ್ಕಾಲು ಗಂಟೆ ಎಂದರು. ನಾನು ಅಕ್ಕನನ್ನು ಎತ್ತಿಕೊಂಡು ಬೀದಿಗೆ ಬಂದೆ. ಇದ್ದದ್ದು ಟ್ಯಾಂಕರ್. ಅಮ್ಮ ಮೊದಲು ಹತ್ತಿ ಕೂತಳು, ಯಾರನ್ನೂ ಕೇಳಲಿಲ್ಲ. ಅವಳ ತೊಡೆಯ ಮೇಲೆ ಅಕ್ಕನನ್ನು ಮಲಗಿಸಿದೆ.

ತುಂಬಿದ ಟ್ಯಾಂಕರ್ ಓಡುವುದಿಲ್ಲ, ತೆವಳುತ್ತದೆ. ಖಾಲಿ ಮಾಡಲು ನಿಂತರೆ ಅಷ್ಟು ಹೊತ್ತು ಎಲ್ಲಿಂದ ತರುವುದು? ಹಿಂದಕ್ಕೆ ಹೋಗಿ ವಾಲ್ವನ್ನು ಪೂರ್ತಿ ತಿರುಗಿಸಿ, ನೀರು ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗಲಿ ಎಂದು ಹೊರಟೆ.

ಕಡಬಗೆರೆ ಕ್ರಾಸ್ ತನಕ ಗಾಡಿ ಭಾರವಾಗಿಯೇ ಇತ್ತು. ಅಂಜನಾನಗರದ ಹತ್ತಿರ ಹಗುರಾಯಿತು, ಆದರೆ ಸುಂಕದಕಟ್ಟೆಯಲ್ಲಿ ಟ್ರಾಫಿಕ್ ಕಟ್ಟಿಕೊಂಡಿತು. ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಪಕ್ಕದಲ್ಲಿ ಬೈಕಿನ ಹುಡುಗನೊಬ್ಬ ಕಿಟಕಿ ಬಡಿದ.

"ಗುರು, ಹಿಂದೆ ನೀರೆಲ್ಲ ಹೋಗ್ತಾ ಇದೆ ನೋಡು ಗುರು. ವೇಸ್ಟಾಗ್ತಾ ಇದೆ."

ಮುಂದೆ ಒಬ್ಬ ಆಟೋದವನು ಅದನ್ನೇ ಹೇಳಿದ. ಸುಮನಹಳ್ಳಿ ಫ್ಲೈಓವರಿನ ಮೇಲೆ ಟ್ರಾಫಿಕ್ ಪೊಲೀಸನೂ ಅದನ್ನೇ ತೋರಿಸಿ ಕೈ ಬೀಸಿದ. ರಸ್ತೆಯ ಮೇಲೆ ಹೋಗುತ್ತಿದ್ದ ನೀರಿನ ಬಗ್ಗೆ ಊರಿಗೆಲ್ಲ ಎಷ್ಟು ಕಾಳಜಿ! ಅಮ್ಮ ಗಾಡಿಯಲ್ಲಿದ್ದ ನನ್ನ ಬಾಟಲಿಯ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಅಕ್ಕನ ತುಟಿಗೆ ಒರೆಸುತ್ತಿದ್ದಳು. ಕಚ್ಚಿಕೊಂಡ ಹಲ್ಲುಗಳಾಚೆ ಒಂದು ಹನಿಯೂ ಹೋಗಲಿಲ್ಲ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಅಷ್ಟರಲ್ಲಿ ಅಪ್ಪ, ಕೂಸನ್ನು ಎತ್ತಿಕೊಂಡ ಅಜ್ಜಿ, ಭಾವ ಎಲ್ಲರೂ ಬಂದು ಸೇರಿದ್ದರು. ಡಾಕ್ಟರು ನಮ್ಮನ್ನು ಕರೆದು, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಹೆರಿಗೆಯಾದ ಹೊಸತರಲ್ಲಿ ರಕ್ತ ತಾನಾಗಿಯೇ ಬೇಗ ಹೆಪ್ಪುಗಟ್ಟುತ್ತದಂತೆ. ಮೈಯಲ್ಲಿ ನೀರು ಆರಿದರೆ ಕೇಳುವುದೇ ಬೇಡ. ಬೇಸಿಗೆಯಲ್ಲಿ ಇಂಥವರು ಬರುತ್ತಲೇ ಇರುತ್ತಾರೆ, ತಲೆನೋವು ಬಂದ ಮೊದಲ ದಿನವೇ ಬಂದವರು ಬಹಳ ಜನ ನಡೆದುಕೊಂಡೇ ಮನೆಗೆ ಹೋಗುತ್ತಾರೆ ಎಂದರು. ಆಮೇಲೆ ಸಿಟ್ಟಿಲ್ಲದೆ, ದಣಿದವರ ಹಾಗೆ ಕೇಳಿದರು:

"ಕುಡಿಯೋಕೆ ನೀರು ಕೊಡ್ತಾ ಇದ್ರಾ?"

ಅಪ್ಪ ಅಜ್ಜಿಯನ್ನು ನೋಡಿದ. ಅಜ್ಜಿ ಅಮ್ಮನನ್ನು ನೋಡಿದಳು. ಅಮ್ಮ ನೆಲ ನೋಡಿದಳು. ಭಾವ ಏನು ಎಂದು ತಿಳಿಯದೆ ನಮ್ಮೆಲ್ಲರ ಮುಖ ನೋಡಿದ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಸುಧೀಂದ್ರ ಸಾರ್. ಯಾಕಪ್ಪ ನೀರು ಬರಲಿಲ್ಲ ಎಂದು ಕೇಳಲು.

ಮಧ್ಯಾಹ್ನ ಅಮ್ಮ ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು. ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದಳು.

"ನಿನ್ನ ಹೆತ್ತಾಗ ಬಚ್ಚಲ ನೀರು ಕುಡಿದಿದೀನಿ ಕಣೋ. ನಿಮ್ಮಜ್ಜಿ ಬೆನ್ನಿಗೆ ಹೊಯ್ಯೋವಾಗ ತಲೆ ಬಗ್ಗಿಸ್ಕೊಂಡು, ಕೂದ್ಲಿಂದ ಇಳಿಯೋದನ್ನ ಚೀಪ್ತಿದ್ದೆ. ಸೋಪಿನ ನೊರೆ ಇರ್ತಿತ್ತು. ಅದಕ್ಕೇ ಬದುಕಿದೆ."

"ಇಷ್ಟು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲಮ್ಮ."

"ನಾನು ತಡ್ಕೊಂಡೆ, ಅವ್ಳೂ ತಡ್ಕೋತಾಳೆ ಅನ್ಕೊಂಡೆ. ಎಲ್ರೂ ತಡ್ಕೊಂಡವ್ರೆ ಅಂತ."

ಮಾರನೆಯ ದಿನ ಅಕ್ಕ ಹೋದಳು. ಅವಳ ಕೈಗೆ ಹಾಕಿದ್ದ ಸಲೈನಿನ ಬಾಟಲಿ ಇನ್ನೂ ತೊಟ್ಟಿಕ್ಕುತ್ತಿತ್ತು.

ಊರಿನಲ್ಲಿ ಸುದ್ದಿ ಹೇಗೆ ಹಬ್ಬಿತು ಗೊತ್ತೇ? ಸೋಮಲಿಂಗಪ್ಪನ ಮಗಳಿಗೆ ಗಾಳಿ ಹೊಡೆಯಿತು. ಆಯಸ್ಸು ಅಷ್ಟೇ ಇತ್ತು. ಶಿವ ಕರೆದುಕೊಂಡ. ಮಣ್ಣಿಗೆ ಬಂದವರಲ್ಲಿ ಡಿಗ್ರಿ ಮಾಡಿದವರಿದ್ದರು, ಸ್ಕೂಲಿನ ಮೇಷ್ಟರಿದ್ದರು, ದಿನಾ ಮೆಟ್ರೋದಲ್ಲಿ ಓಡಾಡಿ ರಾಜಾಜಿನಗರದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿದ್ದರು. ಎಲ್ಲರೂ ತಲೆಯಾಡಿಸಿದರು. ನೀರು ಕೊಡದೆ ಕೊಂದೆವು ಎಂದು ನಾನು ಹೇಳಿದರೆ, ದುಃಖದಲ್ಲಿ ಹುಡುಗನಿಗೆ ತಲೆ ಕೆಟ್ಟಿದೆ ಎಂದು ಹೆಗಲು ತಟ್ಟಿದರು. ಅಜ್ಜಿ ಕೂಳು ಬಿಟ್ಟಿದ್ದಳು. ಅವಳು ರಾಕ್ಷಸಿಯಲ್ಲ. ಅಕ್ಕನಿಗಾಗಿ ಹಗಲೂ ರಾತ್ರಿ ನಿದ್ದೆಗೆಟ್ಟವಳು, ಅವಳ ಕಾಲೊತ್ತಿದವಳು. ರಾಕ್ಷಸಿಯಾಗಿದ್ದರೆ ನಾವು ಹೊಡೆದಾಡಿ ಅಕ್ಕನನ್ನು ಬಿಡಿಸಿಕೊಳ್ಳುತ್ತಿದ್ದೆವು. ಪ್ರೀತಿಯ ಕೈಯಿಂದ ಬಿಡಿಸಿಕೊಳ್ಳುವುದು ಹೇಗೆ?

ಹನ್ನೊಂದನೆಯ ದಿನ ಶಿವಗಣಾರಾಧನೆ. ಪಡಸಾಲೆಯಲ್ಲಿ ಅಕ್ಕನ ಫೋಟೋಗೆ ಹಾರ ಹಾಕಿ, ಮುಂದೆ ಬಾಳೆ ಎಲೆಯಲ್ಲಿ ಎಡೆ ಇಟ್ಟಿದ್ದರು. ಅವಳಿಗೆ ಇಷ್ಟವಾದದ್ದೆಲ್ಲ ಇತ್ತು, ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಬೇಕರಿಯ ದಿಲ್‌ಪಸಂದ್. ನೆಂಟರು, ಬೀದಿಯವರು ಕಿಕ್ಕಿರಿದು ಕೂತಿದ್ದರು, ಭಾವ ಕೂಸನ್ನು ಮಡಿಲಲ್ಲಿ ಹಾಕಿಕೊಂಡಿದ್ದ. ಆಗ ಅಜ್ಜಿ ಅಟ್ಟದ ಕಡೆ ಕೈ ತೋರಿಸಿ ಯಾರನ್ನೋ ಹತ್ತಿಸಿದಳು. ಆ ನೀಲಿ ಬಾಟಲಿ ಕೆಳಗಿಳಿಯಿತು. ಅಜ್ಜಿ ಅದನ್ನು ತಾನೇ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಗುಡಾಣದಿಂದ ತಣ್ಣನೆಯ ನೀರು ತುಂಬಿ ತಂದು, ಫೋಟೋದ ಮುಂದೆ ಇಟ್ಟಳು.

"ನನ್ನ ಕಂದಂಗೆ ಇದು ಅಂದ್ರೆ ಪ್ರಾಣ," ಎಂದು ಕಣ್ಣೊರೆಸಿಕೊಂಡಳು.

ಎಡೆಯ ಎಲೆಯನ್ನೇ ಎತ್ತಿ ಬೀದಿಗೆಸೆಯೋಣ ಎಂದು ಎದ್ದೆ. ನನಗಿಂತ ಮೊದಲು ಅಮ್ಮ ಎದ್ದಿದ್ದಳು. ಹೋಗಿ, ಬಗ್ಗಿ, ಬಾಟಲಿ ಎತ್ತಿಕೊಂಡಳು.

"ಎಡೆಗಿಟ್ಟ ನೀರು ಕಣೇ. ಮುಟ್ಬಾರ್ದು. ಕೆಳಗಿಡು," ಎಂದಳು ಅಜ್ಜಿ.

"ಅವ್ಳಿಗೆ ಈಗ ಬಾಯಾರಿಕೆ ಇಲ್ಲ ಅತ್ತೆ," ಎಂದಳು ಅಮ್ಮ. "ಇರೋರಿಗೆ ಕೊಟ್ಟು ಬರ್ತೀನಿ."

ಅವಳು ಬರಿಗಾಲಲ್ಲೇ ಹೊಸ್ತಿಲು ದಾಟಿ ಬೀದಿಗಿಳಿದಳು. ಎದುರು ಮನೆ ಸಿದ್ದಗಂಗಮ್ಮನದು. ಅವಳ ಮಗಳು ಕಲಾ ಹೆತ್ತು ಬಂದು ವಾರವಾಗಿತ್ತು. ಆ ಮನೆಯ ಒಳಕೋಣೆಯ ಕಿಟಕಿಗೂ ಗೋಣಿ, ಅದರ ಸಂದಿಯಿಂದಲೂ ಸಾಂಬ್ರಾಣಿಯ ಹೊಗೆ. ನಮ್ಮ ಪಡಸಾಲೆಯಲ್ಲಿದ್ದ ಜನರೆಲ್ಲ ಎದ್ದು ಬಾಗಿಲಿಗೆ ಬಂದರು. ಸಾವಿನ ಮನೆಯವಳು ಹಸಿ ಬಾಣಂತಿಯ ಮನೆಯ ಮೆಟ್ಟಿಲು ಹತ್ತುವುದನ್ನು ನಮ್ಮ ಬೀದಿ ಅದುವರೆಗೆ ನೋಡಿರಲಿಲ್ಲ.

ಸಿದ್ದಗಂಗಮ್ಮ ಓಡಿ ಬಂದು ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟಳು.

"ರಾಜಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಮಗಳ್ನ ಮಣ್ಣು ಮಾಡಿ ಬಂದಿದೀಯ. ಒಳಗೆ ಹಸಿ ಬಾಣಂತಿ ಅವ್ಳೆ."

"ಅದಕ್ಕೇ ಬಂದಿರೋದು ಕಣಕ್ಕ."

"ಅವ್ಳಿಗೇನಾದ್ರೂ ಆದ್ರೆ?"

"ನನ್ನ ಮಗಳು ಗಾಳಿಯಿಂದ ಸಾಯ್ಲಿಲ್ಲ," ಎಂದಳು ಅಮ್ಮ. ಬೀದಿಗೆಲ್ಲ ಕೇಳಿಸಿತು. "ನೀರು ಕೊಡ್ದೆ ನಾವೇ ಸಾಯಿಸಿದ್ವಿ. ನಾನೂ ಸೇರ್ಕೊಂಡು. ಡಾಕ್ಟ್ರು ಕೇಳ್ದಾಗ ಐದು ಜನ ನಿಂತಿದ್ವಿ, ಒಬ್ರಿಗೂ ಬಾಯಿ ಬರ್ಲಿಲ್ಲ. ನೀನೂ ಹಂಗೆ ನಿಂತ್ಕೋಬೇಡ."

ನನ್ನ ಹಿಂದೆ ಅಪ್ಪ ಏನೋ ಹೇಳಲು ಹೋಗಿ ಕೆಮ್ಮಿದ. ಚನ್ನಮಲ್ಲಪ್ಪ ಚಪ್ಪಲಿ ಹುಡುಕಿಕೊಳ್ಳುತ್ತಿದ್ದ. ಸಿದ್ದಗಂಗಮ್ಮನ ಕೈ ಅಡ್ಡವಾಗಿಯೇ ಇತ್ತು. ಆಗ ಅವಳ ಹಿಂದಿನ ಬಾಗಿಲು ಒಳಗಿನಿಂದ ತೆರೆಯಿತು. ಕಲಾ ಗೋಡೆ ಹಿಡಿದುಕೊಂಡು ನಿಂತಿದ್ದಳು. ಅಕ್ಕನ ಜೊತೆ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋದವಳು. ಸ್ಕಾರ್ಫನ್ನು ಕಿತ್ತು ಕೆಳಗೆ ಹಾಕಿದಳು. ಒಂದೊಂದಾಗಿ ಎರಡೂ ಕಿವಿಯ ಹತ್ತಿ ತೆಗೆದಳು.

"ಕೈ ತೆಗಿಯಮ್ಮ," ಎಂದಳು. ದನಿ ಒಣಗಿತ್ತು. "ನಿನ್ನೆಯಿಂದ ತಲೆನೋವು. ನಿಂಗೆ ಹೇಳೋಕೆ ಭಯ ಆಗಿತ್ತು."

ಅವಳು ಬಾಟಲಿ ಇಸಕೊಂಡು ಅಲ್ಲೇ, ಬೀದಿಯ ಎಲ್ಲರ ಕಣ್ಣೆದುರು, ತಲೆಯೆತ್ತಿ ಕುಡಿದಳು. ನನಗೆ ಗೊತ್ತಿದ್ದ ಸದ್ದು. ಕುಡಿದು ಮುಗಿಸಿ, ಬಾಟಲಿಯನ್ನು ಕೆನ್ನೆಗೊತ್ತಿಕೊಂಡಳು.

ಅಮ್ಮ ಅದನ್ನು ಇಸಕೊಂಡು ನನ್ನ ಕೈಗೆ ಕೊಟ್ಟಳು. ಇನ್ನೊಂದು ತುಂಬಿಕೊಂಡು ಬಾ, ಆಮೇಲೆ ಗಾಡಿ ತೆಗಿ, ಇವಳನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದಳು.

ಅಡುಗೆಮನೆಗೆ ಹೋದೆ. ಅಜ್ಜಿ ನೀರಿನ ಗುಡಾಣಕ್ಕೆ ಬೆನ್ನು ಕೊಟ್ಟು, ಮೊಣಕಾಲು ಮಡಚಿಕೊಂಡು ಕೂತಿದ್ದಳು. ಬಾಟಲಿ ಹಿಡಿದು ಎದುರಿಗೆ ನಿಂತೆ. ಅವಳು ನನ್ನನ್ನು ನೋಡಿದಳು, ಬಾಟಲಿಯನ್ನು ನೋಡಿದಳು. ಸರಿಯಲಿಲ್ಲ.

ಅವಳ ತಲೆಯ ಮೇಲಿಂದಲೇ ಬಗ್ಗಿ ಬಾಟಲಿಯನ್ನು ಗುಡಾಣದೊಳಗೆ ಮುಳುಗಿಸಿದೆ. ಅದು ಗುಳುಗುಳು ಎನ್ನುತ್ತ ತುಂಬಿಕೊಂಡಿತು. ಎತ್ತುವಾಗ ಅವಳ ಬಿಳಿಗೂದಲ ಮೇಲೆ ನೀರು ಸುರಿಯಿತು. ನಾನು ಒರೆಸಲಿಲ್ಲ. ಹೊರಗೆ ಜನ ದಾರಿ ಬಿಟ್ಟರು.